ಎಡಕ್ಕೆ ವಾಲಿದ ಅಕ್ಷರ

ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಜಗಳ ನಡೆದದ್ದು ಔಷಧಿಗಲ್ಲ, ಊಟಕ್ಕಲ್ಲ, ಒಂದು ಪೆನ್ಸಿಲ್ಲಿಗೆ.

"ಮತ್ತೆ ಹೋಯ್ತಾ?" ಎಂದ ಮಗ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ನಿನ್ನೆ ತಾನೇ ಹೊಸದು ತಂದುಕೊಟ್ಟೆ."

"ಪೆನ್ಸಿಲ್ ಹೋಗಿಲ್ಲ ರೀ, ಮೊನೆ ಹೋಗಿದೆ," ಎಂದಳು ಅವನ ಹೆಂಡತಿ. "ನಾವೆಲ್ಲ ಹೊರಟಮೇಲೆ ಮೊನೆ ಮುರಿದರೆ ಚೂಪು ಮಾಡಿಕೊಡೋರು ಯಾರು? ಒಂದೇ ಕೈಲಿ ಮೆಂಡರ್ ತಿರುಗಿಸೋಕಾಗತ್ತಾ?"

"ಪೆನ್ ಕೊಡು."

"ಒರಗಿಕೊಂಡು ಮೇಲ್ಮುಖ ಹಿಡಿದ್ರೆ ಪೆನ್ನಿಂದ ಇಂಕು ಇಳಿಯಲ್ಲ. ಹಾಸಿಗೆ ಮಾತ್ರ ನೀಲಿ ಆಗತ್ತೆ."

"ಸ್ಲೇಟು?"

"ಸೀಮೆಸುಣ್ಣದ ಪುಡಿಗೆ ಕೆಮ್ಮಿ ಕೆಮ್ಮಿ ಸಾಕಾಯ್ತಲ್ಲ ಮೊನ್ನೆ, ಮರೆತ್ರಾ?"

"ಫೋನು ಕೊಟ್ರೆ ಒಂದು ಅಕ್ಷರಕ್ಕೆ ಮೂರು ಒತ್ತುತ್ತಾಳೆ." ಅವನು ಕೈ ಒರೆಸಿಕೊಂಡು ಎದ್ದ. "ಏನಾದ್ರೂ ಮಾಡಿಕೊಳ್ಳಿ. ನಾನು ಅಂಗಡಿ ತೆಗೀಬೇಕು."

ಮೇಜಿನ ಆ ತುದಿಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದ ಮಗಳು ಬಾಯಿ ಹಾಕಿದಳು. "ಟಿಕ್‌ಟಿಕ್ ಪೆನ್ಸಿಲ್ ತಂದ್ರಾಯ್ತಪ್ಪ. ಮೆಂಡರ್ ಬೇಡ, ಚಾಕು ಬೇಡ. ಹಿಂದೆ ಒತ್ತಿದ್ರೆ ಕಡ್ಡಿ ತಾನೇ ಮುಂದಕ್ಕೆ ಬರುತ್ತೆ. ನಮ್ಮ ಕ್ಲಾಸಲ್ಲಿ ಎಲ್ಲರ ಹತ್ರಾನೂ ಇದೆ, ನನ್ನೊಬ್ಬಳನ್ನ ಬಿಟ್ಟು."

"ಆ ಕೊನೇ ಮಾತಿಗೆ ಇಷ್ಟುದ್ದ ಪೀಠಿಕೆ!" ಎಂದು ಅಪ್ಪ ನಗುತ್ತಲೇ ಹೋದ.

ಅವನಿಗೆ ಬೀದಿಯ ತಿರುವಿನಲ್ಲಿ ಬೀಗ ರಿಪೇರಿಯ ಅಂಗಡಿ. ಮಗಳಿಗೆ ಚಿಕ್ಕಂದಿನಲ್ಲಿ ಗುಬ್ಬಿ ಎಂದು ಹೆಸರು ಬಿದ್ದು, ಹೈಸ್ಕೂಲಿಗೆ ಬಂದರೂ ಅದೇ ಉಳಿದಿತ್ತು. ಅವಳ ತಾಯಿ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳನ್ನು ಚಿಕ್ಕಮ್ಮ ಎಂದು ಕರೆಯಲು ಹೇಳಿಕೊಟ್ಟರೆ, ಗುಬ್ಬಿ ಅದನ್ನು ಕತ್ತರಿಸಿ ಚಿಕ್ಕಿ ಮಾಡಿದಳು. ಆಮೇಲೆ ಗಂಡನೂ ಹಾಗೇ ಕರೆದ, ಅತ್ತೆಯೂ ಕರೆದರು, ಹಾಲಿನವನೂ ಕರೆದ. ಚಿಕ್ಕಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹರಡಿ, ಕತ್ತರಿ ಎಲ್ಲಿ ಹಾಯಬೇಕೆಂದು ಗುರುತು ಹಾಕುವವಳು.

ಅತ್ತೆಯ ಕೆಲಸವೆಲ್ಲ ಬಾಯಿಯದ್ದೇ ಆಗಿತ್ತು. ಟೆಲಿಫೋನ್ ಆಫೀಸಿನಲ್ಲಿ ಜೀವಮಾನವೆಲ್ಲ ಆಪರೇಟರ್ ಆಗಿದ್ದವರು. ಅವರ ದನಿ ಕೇಳಲೆಂದೇ ಜನ ಸುಮ್ಮಸುಮ್ಮನೆ ನಂಬರು ಕೇಳುತ್ತಿದ್ದರಂತೆ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಬಾಚಣಿಗೆ ಕೈಯಿಂದ ಜಾರಿತು, ಅವರೂ ಅದರ ಹಿಂದೆಯೇ ಜಾರಿದರು. ಮನೆಗೆ ಮರಳಿದಾಗ ಬಲಗೈ ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಮಡಿಲಲ್ಲಿ ಬಿದ್ದಿತ್ತು. ಬಾಯಿಂದ ಬರುತ್ತಿದ್ದದ್ದು ಒಂದು "ಆಂ" ಮಾತ್ರ. ಉಳಿದದ್ದು ಎಡಗೈ. ಅದಕ್ಕೊಂದು ಬರೆಯುವ ಸಾಧನ ಬೇಕಿತ್ತು.

ಆ ಸಂಜೆ ಚಿಕ್ಕಿ ಸ್ಟೇಷನರಿ ಅಂಗಡಿಗೆ ಹೋದಳು. ಅಂಗಡಿಯಾತ ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡೇ ಹುಟ್ಟಿದವನ ಹಾಗೆ ಕಾಣುತ್ತಿದ್ದ. ಒಂದು ಡಬ್ಬಿ ತುಂಬ ಬಣ್ಣಬಣ್ಣದ ಟಿಕ್‌ಟಿಕ್ ಪೆನ್ಸಿಲ್ ಮುಂದಿಟ್ಟ. ಚಿಕ್ಕಿ ಎಲ್ಲಕ್ಕಿಂತ ಅಗ್ಗದ್ದು ಆರಿಸಿದಳು: ಒಳಗಿನದೆಲ್ಲ ಕಾಣುವ ತೆಳು ಪ್ಲಾಸ್ಟಿಕ್ಕು, ಕೂದಲೆಳೆಯಂಥ ಕಡ್ಡಿ.

"ಮಕ್ಕಳಿಗಾ?"

"ಅತ್ತೆಗೆ."

"ಅಗ್ಗದ ಮಾಲು ಬೇಗ ಕೈಕೊಡತ್ತೆ ಅಮ್ಮ, ಆಮೇಲೆ ನನ್ನ ಬೈಬೇಡಿ," ಎಂದು ಅವನು ಕಟ್ಟಿಕೊಟ್ಟ.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ರಟ್ಟಿಗೆ ಕ್ಲಿಪ್ಪು ಹಾಕಿ ಚಿಕ್ಕಿ ಅತ್ತೆಯ ಮಡಿಲಿಗಿಟ್ಟಳು. ಅತ್ತೆ ಎಡ ಹೆಬ್ಬೆರಳಿನಿಂದ ಪೆನ್ಸಿಲ್ಲಿನ ಹಿಂಬದಿ ಒತ್ತಿದರು. ಟಿಕ್. ಇನ್ನೊಮ್ಮೆ, ಟಿಕ್. ಮಗುವಿನ ಹಾಗೆ ನಕ್ಕರು. ಆಮೇಲೆ ರಟ್ಟು ತೂತಾಗುವಷ್ಟು ಒತ್ತಿ ಬರೆದರು: ಕಿಟಕಿ.

ಚಿಕ್ಕಿ ಕಿಟಕಿ ತೆರೆದಳು. ಚಹಾ ಮಾಡಲು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು.

ಡಬ್ಬಿಗಳ ಮೇಲಿನ ಚೀಟಿಗಳೆಲ್ಲ ಗುಬ್ಬಿಯ ತಾಯಿ ಬರೆದಂಟಿಸಿದವು. ಆಕೆ ಎಡಚಿ. ಸಕ್ಕರೆ, ಉಪ್ಪು, ಹಿಟ್ಟು, ಎಲ್ಲ ಅಕ್ಷರಗಳೂ ಗಾಳಿಗೆ ಬಾಗಿದ ಹುಲ್ಲಿನಂತೆ ಎಡಕ್ಕೆ ವಾಲಿದ್ದವು. ತಲೆಕಟ್ಟು ಅಕ್ಷರಕ್ಕೆ ತಾಗದೆ ಮೇಲೆ ಬೇರೆಯೇ ಕೂತಿತ್ತು, ಮರೆತು ಆಮೇಲೆ ಇಟ್ಟಂತೆ. ಒತ್ತಕ್ಷರ ಪುಟ್ಟದಾಗಿ ದೂರದಲ್ಲಿ. ಚೀಟಿ ಕಿತ್ತು ಹೊಸದು ಅಂಟಿಸಬೇಕೆಂದು ಚಿಕ್ಕಿಗೆ ಯಾವತ್ತೂ ಅನ್ನಿಸಿರಲಿಲ್ಲ. ಡಬ್ಬಿ ಗುರುತು ಸಿಕ್ಕರೆ ಸಾಲದೇ?

ಅತ್ತೆಯ ಅಕ್ಷರ ಅವಳಿಗೆ ಗೊತ್ತಿತ್ತು. ಗುಂಡುಗುಂಡು, ಮುತ್ತು ಪೋಣಿಸಿದ ಹಾಗೆ. ಈಗ ಒಳಗೆ ರಟ್ಟಿನ ಮೇಲಿದ್ದದ್ದು ಅದಲ್ಲ, ಡಬ್ಬಿಯ ಮೇಲಿನದು.

ಅವಳು ಯಾರಿಗೂ ಹೇಳಲಿಲ್ಲ. ಚಹಾ ಕುದಿಸಿ ತಂದುಕೊಟ್ಟಳು.

ಗುಬ್ಬಿಗೆ ಹೇಳುವವರು ಬೇಕಿರಲಿಲ್ಲ. ಒಂದು ಸಂಜೆ ಅವಳು ಉಪ್ಪಿನ ಡಬ್ಬಿ ಹಿಡಿದುಕೊಂಡು ಅಜ್ಜಿಯ ಕೋಣೆಯಿಂದ ಬಂದಳು.

"ಚಿಕ್ಕಿ, ಇದು ಅಮ್ಮನ ಅಕ್ಷರ."

"ಎಡಗೈಲಿ ಯಾರು ಬರೆದ್ರೂ ಹಾಗೇ ವಾಲುತ್ತೆ ಮರಿ."

"ನೀನು ಬರಿ, ನೋಡೋಣ."

ಚಿಕ್ಕಿ ಸೌಟು ಕೆಳಗಿಟ್ಟು ಎಡಗೈಯಲ್ಲಿ ಉಪ್ಪು ಎಂದು ಬರೆದಳು. ಕೋಳಿ ಕೆದರಿದಂತೆ ಕಂಡಿತು. ಗುಬ್ಬಿ ಅದನ್ನು ನೋಡಿದಳು, ಡಬ್ಬಿ ನೋಡಿದಳು. ಒಲೆಯ ಮೇಲಿನ ಪಲ್ಯ ತಳ ಹಿಡಿಯಿತು.

ಅತ್ತೆಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಒಬ್ಬ ಫಿಸಿಯೋ ಹುಡುಗಿ ಬರುತ್ತಿದ್ದಳು. ಚಿಕ್ಕಿ ಕೇಳಿದ್ದಕ್ಕೆ ಅವಳು ಹಗುರವಾಗಿ ಹೇಳಿದಳು, "ವರ್ಷಗಟ್ಟಲೆ ಆ ಡಬ್ಬಿಗಳನ್ನ ನೋಡಿದಾರಲ್ಲ ಅಕ್ಕ, ಕಣ್ಣಲ್ಲಿ ಕೂತಿರುತ್ತೆ. ಈಗ ಕೈ ಅದನ್ನೇ ಬರೆಯುತ್ತೆ. ಇಂಥವರ ತಲೆಯೊಳಗೆ ಏನೇನೋ ಕಲಸಿಹೋಗಿರುತ್ತೆ."

ಗಂಡ ಅದನ್ನೇ ಊಟದ ಹೊತ್ತಿಗೆ ತಮಾಷೆ ಮಾಡಿದ. "ಮೂವತ್ತು ವರ್ಷ ಊರಿಗೆಲ್ಲ ಲೈನ್ ಕೊಟ್ಟವಳು ನಮ್ಮಮ್ಮ. ಈಗ ಅವಳಿಗೇ ಕ್ರಾಸ್ ಕನೆಕ್ಷನ್ ಆಗಿದೆ."

ಯಾರೂ ನಗಲಿಲ್ಲ. ಅವನು ಅನ್ನ ಕಲಸತೊಡಗಿದ.

ತೆಳು ಕಡ್ಡಿ ಅತ್ತೆಯ ಒತ್ತಿಗೆ ತಡೆಯಲಿಲ್ಲ. ಒಂದು ಶಬ್ದಕ್ಕೆ ಎರಡು ಸಲ ಪಟ್ಟೆಂದು ಮುರಿಯುತ್ತಿತ್ತು. ಹಾಸಿಗೆಯ ತುಂಬ ಕಪ್ಪು ಚೂರು. ಮುರಿದ ತುಂಡು ಒಳಗೇ ಸಿಕ್ಕಿಕೊಂಡರೆ ಸಂಜೆಯವರೆಗೆ ಅತ್ತೆ ಮೂಕಿ. ಚಿಕ್ಕಿ ಮತ್ತೆ ಅಂಗಡಿಗೆ ಹೋಗಿ ಸ್ವಲ್ಪ ದಪ್ಪ ಕಡ್ಡಿಯದು ತಂದಳು, ಅದೂ ಪ್ಲಾಸ್ಟಿಕ್ಕೇ. ಹಾಸಿಗೆಯಿಂದ ಎರಡು ಸಲ ಬಿದ್ದು ಅದರ ಮೈ ಬಿರುಕು ಬಿಟ್ಟಿತು. ಬರೆಯುವಾಗ ಕಡ್ಡಿ ಹೆದರಿದ ಹುಳದಂತೆ ಒಳಗೆ ಸರಿಯತೊಡಗಿತು. ಚಿಕ್ಕಿ ಅದಕ್ಕೆ ಟೇಪು ಸುತ್ತಿದಳು.

ಅಷ್ಟರಲ್ಲಿ ಅತ್ತೆಯ ಚೀಟಿಗಳಲ್ಲಿ ಬೇರೆ ಮಾತು ಬರತೊಡಗಿತ್ತು.

ಮೊದಲು: ಚಹಾಗೆ ಶುಂಠಿ ಯಾಕೆ? ನನಗಾಗಲ್ಲ.

"ಅತ್ತೆ, ಶುಂಠಿ ಇಲ್ಲದೆ ನಿಮಗೆ ಚಹಾ ಇಳಿಯೋದೇ ಇಲ್ಲವಲ್ಲ!" ಎಂದಳು ಚಿಕ್ಕಿ. ಅತ್ತೆ ಹೌದೆಂದು ತಲೆಯಾಡಿಸಿದರು. ಲೋಟ ಎತ್ತಿ ಕೊನೆಯ ಗುಟುಕಿನವರೆಗೆ ಕುಡಿದರು. ಕುಡಿಯುತ್ತಿದ್ದಾಗಲೂ ಆ ಚೀಟಿ ಮಡಿಲಲ್ಲೇ ಇತ್ತು. ಯಾರಿಗೆ ಶುಂಠಿ ಆಗುತ್ತಿರಲಿಲ್ಲ ಎಂದು ಚಿಕ್ಕಿ ಗಂಡನನ್ನು ಕೇಳಲಿಲ್ಲ. ಕೇಳದೆಯೇ ತಿಳಿಯಿತು, ಚೀಟಿ ಓದಿದ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟಿದ್ದ.

ಮತ್ತೊಂದು ದಿನ: ಹಸಿರು ಛತ್ರಿ ಆಸ್ಪತ್ರೆಯಲ್ಲೇ ಉಳಿಯಿತು.

"ಇದನ್ನ ಅಮ್ಮನಿಗೆ ಯಾರು ಹೇಳಿದ್ರು?" ಗಂಡನ ದನಿ ಸಣ್ಣದಾಗಿತ್ತು.

"ಯಾವ ಛತ್ರಿ ರೀ?"

"ಅವಳದ್ದು. ಕೊನೇ ದಿನ ಅವಳನ್ನ ಕರ್ಕೊಂಡು ಹೋದಾಗ ನಾನೇ ಹಿಡಿದಿದ್ದೆ. ಬರುವಾಗ ಬೆಂಚಿನ ಮೇಲೆ ಬಿಟ್ಟುಬಂದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

"ಅತ್ತೆ ನೋಡಿರಬಹುದು."

"ಅಮ್ಮ ಅವತ್ತು ಡ್ಯೂಟಿಲಿದ್ಲು ಚಿಕ್ಕಿ."

ಆ ದಿನದಿಂದ ಅವನು ತಾಯಿಯ ಕೋಣೆಗೆ ಹೋದರೆ ಹೊಸ್ತಿಲು ದಾಟುತ್ತಿರಲಿಲ್ಲ. ಬಾಗಿಲಲ್ಲೇ ನಿಂತು "ಊಟ ಆಯ್ತಾ ಅಮ್ಮ?" ಎನ್ನುತ್ತಿದ್ದ. ಉತ್ತರ ಬರೆಯುವ ಮೊದಲೇ ತಿರುಗುತ್ತಿದ್ದ.

ಗುಬ್ಬಿ ಅದಕ್ಕೆ ತದ್ವಿರುದ್ಧ. ಶಾಲೆ ಬಿಟ್ಟವಳು ನೇರ ಅಜ್ಜಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಒಳಗಿನಿಂದ ಪಿಸುಮಾತು ಕೇಳಿಸುತ್ತಿತ್ತು, ಆಮೇಲೆ ಟಿಕ್ ಟಿಕ್, ಆಮೇಲೆ ಕಾಗದದ ಮೇಲೆ ಕಡ್ಡಿ ಉಜ್ಜುವ ಸದ್ದು. ಎರಡು ಜಡೆ ಹಾಕುತ್ತಿದ್ದವಳು ಅಮ್ಮನ ಹಾಗೆ ಒಂದೇ ಜಡೆಗೆ ಬಂದಳು. ತಟ್ಟೆ ಅಲ್ಲಿಗೇ ಒಯ್ದು ಉಣ್ಣತೊಡಗಿದಳು.

"ಇಲ್ಲಿ ಕೂತು ಊಟ ಮಾಡೇ, ನಾವು ಮನುಷ್ಯರಲ್ವಾ?" ಎಂದು ಚಿಕ್ಕಿ ಒಮ್ಮೆ ಕರೆದಳು.

"ನೀವು ಮಾಡಿ," ಎಂದಳು ಗುಬ್ಬಿ.

ನೀವು. ಚಿಕ್ಕಿ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. ಈ ಮನೆಗೆ ಬಂದ ಮೊದಲ ವಾರವೂ ಆ ಹುಡುಗಿ ಅವಳನ್ನು ನೀವು ಎಂದಿರಲಿಲ್ಲ.

ಒಂದು ರಜಾದಿನ ಮಧ್ಯಾಹ್ನ ಚಿಕ್ಕಿ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಅತ್ತೆ ಎಂದಿನಂತೆ ಪ್ರೀತಿಯಿಂದ ಅವಳ ಮುಖ ನೋಡುತ್ತ, ಚಮಚಕ್ಕೆ ಬಾಯಿ ತೆರೆಯುತ್ತಿದ್ದರು. ಮಗ ನೋಡುವ ಮೊದಲೇ ಎರಡು ಸಲ ಬಂದು ಈ ಹೆಣ್ಣನ್ನು ತಾವೇ ಒಪ್ಪಿಕೊಂಡು ಹೋಗಿದ್ದ ಅತ್ತೆ. ಬಾಯಿ ಒರೆಸಲು ಬಗ್ಗಿದಾಗ ಚಿಕ್ಕಿಗೆ ಮಡಿಲು ಕಂಡಿತು. ಎಡಗೈ ಬರೆಯುತ್ತಿತ್ತು. ಅತ್ತೆ ಅತ್ತ ನೋಡುತ್ತಲೂ ಇರಲಿಲ್ಲ.

ಈಕೆ ಯಾರು?

ಚಿಕ್ಕಿ ಚಮಚ ಬಟ್ಟಲಿಗೆ ಹಾಕಿದಳು. ಅತ್ತೆ "ಆಂ?" ಎಂದರು, ಇನ್ನೂ ಬೇಕೆಂಬಂತೆ ಬಾಯಿ ತೆರೆದರು. ಕೈ ಹಾಳೆಯ ಕೆಳಗಿನ ಸಾಲಿಗೆ ಸರಿಯಿತು.

ನನ್ನ ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದಾಳೆ?

"ಅತ್ತೆ," ಎಂದಳು ಚಿಕ್ಕಿ, "ಇದನ್ನ ನೀವು ಬರೆದ್ರಾ?"

ಅತ್ತೆ ತಲೆ ಬಗ್ಗಿಸಿ ಓದಿದರು. ಓದುತ್ತಿದ್ದಂತೆ ಅವರ ಕಣ್ಣು ದೊಡ್ಡದಾಯಿತು. ಇಲ್ಲ ಇಲ್ಲವೆಂದು ತಲೆ ಅಲ್ಲಾಡಿಸಿದರು, ಕಣ್ಣೀರು ಗಂಜಿಯ ಜೊತೆ ಗಲ್ಲದ ಮೇಲೆ ಇಳಿಯಿತು. ಎಡಗೈ ಮಾತ್ರ ಪೆನ್ಸಿಲ್ ಬಿಡಲಿಲ್ಲ. ಟಿಕ್ ಎಂದು ಕಡ್ಡಿ ಮುಂದಕ್ಕೆ ತಂದುಕೊಂಡು ಸಿದ್ಧವಾಗಿ ಕೂತಿತ್ತು.

ಚಿಕ್ಕಿ ಆ ಬಟ್ಟಲು ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು.

ಪೆನ್ಸಿಲ್ ಮುರಿದವನು ಗಂಡ. ಗಿರಾಕಿ ಇಲ್ಲವೆಂದು ಅಂಗಡಿ ಬೇಗ ಮುಚ್ಚಿ ಬಂದಿದ್ದ ದಿನ. ತಾಯಿಗೆ ಬಾಳೆಹಣ್ಣು ತಂದಿದ್ದ. ಹೊಸ್ತಿಲಲ್ಲಿ ನಿಂತು ಕೊಡಲಾಗದೆ, ಬಹಳ ದಿನದ ಮೇಲೆ ಒಳಗೆ ಹೋದ. ಚಿಕ್ಕಿ ಬಟ್ಟೆ ಮಡಿಸುತ್ತ ಅಲ್ಲೇ ಇದ್ದಳು, ಗುಬ್ಬಿ ಮಂಚದ ಕಾಲ ಬಳಿ ಇದ್ದಳು. ಕೈ ಬರೆಯಿತು, ಅವನು ಓದಿದ.

ಯಾಕೆ ಇಷ್ಟು ಬೇಗ?

ಅಂಗಡಿ ಯಾಕೆ ಇಷ್ಟು ಬೇಗ ಮುಚ್ಚಿದೆ ಎಂದು ಕೇಳಿದ್ದಿರಬೇಕು ಎಂದುಕೊಂಡಳು ಚಿಕ್ಕಿ. ಅವನು ಹಾಗೆ ಓದಲಿಲ್ಲ. ಹೆಂಡತಿ ತೀರಿಕೊಂಡು ವರ್ಷ ತುಂಬುವ ಮೊದಲೇ ಎರಡನೆಯ ಮದುವೆಯಾದವನು ಅವನು.

"ನಾನೇನು ಮಾಡಬೇಕಿತ್ತು?" ಎಂದು ಕಿರುಚಿದ. "ಹೇಳು! ಮಗು ಉಪವಾಸ ಮಲಗ್ತಿತ್ತು! ಅಮ್ಮನಿಗೆ ಡ್ಯೂಟಿ! ನಾನೇನು ಮಾಡಬೇಕಿತ್ತು?"

"ಅಪ್ಪ!"

ಅವನು ಪೆನ್ಸಿಲ್ ಕಿತ್ತುಕೊಂಡ. ಎಡಗೈ ಬಿಡಲಿಲ್ಲ. ಕಾಯಿಲೆಯ ಮುದುಕಿಯ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಬೀಗ ಒಡೆಯುವವನ ಜೊತೆ ಜಗ್ಗಾಡಿತು. ಕೊನೆಗೆ ಅವನ ಮುಷ್ಟಿಯಲ್ಲಿ ಪ್ಲಾಸ್ಟಿಕ್ಕು ಪಟ್ಟೆಂದಿತು. ಚೂರುಗಳನ್ನು ಕಿಟಕಿಯಿಂದಾಚೆ ಎಸೆದು ಅವನು ಬಚ್ಚಲಿಗೆ ಹೋಗಿ ಮುಖ ತೊಳೆದ, ಮತ್ತೆ ತೊಳೆದ.

"ಇನ್ನು ಈ ಮನೆಗೆ ಪೆನ್ಸಿಲ್ ಬರಕೂಡದು," ಎಂದ ಹೊರಬಂದು. "ಹಸಿವಾದರೆ ಗಂಟೆ ಬಾರಿಸಲಿ."

ಮಂಚದ ಪಕ್ಕ ಒಂದು ಪುಟ್ಟ ಗಂಟೆ ಇಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ. ಎಡಗೈ ಮಾತ್ರ ಬರಿಗೈಯಲ್ಲೇ ಬರೆಯುತ್ತಿತ್ತು. ಹೊದಿಕೆಯ ಮೇಲೆ ತೋರುಬೆರಳು ಎಡೆಬಿಡದೆ ಓಡಾಡುತ್ತಿತ್ತು, ಅತ್ತೆ ನಿದ್ದೆ ಹೋದಾಗಲೂ. ಗಂಡ ಅದು ನರದ ಎಳೆತ ಎಂದ. ಆದರೆ ಚಿಕ್ಕಿ ದಿನವಿಡೀ ಬಟ್ಟೆಯ ಮೇಲಿನ ಗುರುತು ಓದುವವಳು. ಉಣ್ಣೆಯ ಹೊದಿಕೆಯ ರೋಮ ಬೆರಳು ಹಾದಲ್ಲಿ ಮಗುಚಿ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಬೆಳಕಿಗೆ ಓರೆಯಾಗಿ ನಿಂತರೆ ಓದಬಹುದು. ಅವಳು ಹಾಗೆ ನಿಂತು ನೋಡಿದಳು.

ಕೊಡು. ಕೊಡು. ಕೊಡು.

ಅಂಗೈಯಿಂದ ಹೊದಿಕೆ ಸವರಿ ಅಳಿಸಿದಳು. ಬೆರಳು ಮತ್ತೆ ಶುರುಮಾಡಿತು.

"ನಿಮಗೆ ಸಂತೋಷ ಆಯ್ತಲ್ಲ?" ಗುಬ್ಬಿ ಹಿಂದಿನಿಂದ ಕೇಳಿದಳು.

"ಯಾಕೆ ಸಂತೋಷ?"

"ಅಮ್ಮ ಇನ್ನು ಮಾತಾಡಲ್ಲ ಅಂತ."

"ನಿಮ್ಮಮ್ಮನ ಮಾತು ಆಮೇಲಿರಲಿ ಗುಬ್ಬಿ. ನಿನ್ನ ಅಜ್ಜಿಗೆ ಬಾಯಾರಿಕೆ ಆದ್ರೆ ನೀರು ಅಂತ ಕೇಳೋಕೂ ಈಗ ದಾರಿ ಇಲ್ಲ."

"ಹಾಗಾದ್ರೆ ತಂದುಕೊಡಿ. ತರಲ್ಲ ನೀವು. ನಂಗೊತ್ತು."

ತರದಿದ್ದರೆ ಚಿಕ್ಕಿಯನ್ನು ಕೇಳುವವರೂ ಇರಲಿಲ್ಲ, ಗಂಡನೇ ಬೇಡವೆಂದಿದ್ದ. ಮನೆ ಶಾಂತವಾಗಿರುತ್ತಿತ್ತು, ಅಡುಗೆಮನೆ ಅವಳದ್ದಾಗಿ ಉಳಿಯುತ್ತಿತ್ತು. ಮರುದಿನ ಕಾರ್ಖಾನೆಯಿಂದ ಹೊರಟವಳು ಬಸ್ ನಿಲ್ದಾಣ ದಾಟಿ ಸ್ಟೇಷನರಿ ಅಂಗಡಿಯ ಮೆಟ್ಟಿಲು ಹತ್ತಿದಳು.

"ಮುರಿಯದೇ ಇರೋದು ಬೇಕು," ಎಂದಳು.

"ಬೇಕಾದಷ್ಟಿದೆ." ಅಂಗಡಿಯಾತ ಗಾಜಿನ ಕಪಾಟಿನಿಂದ ನಕ್ಷೆ ಬರೆಯುವವರ ಪೆನ್ಸಿಲ್ ತೆಗೆದ. ತುದಿ ಸೂಜಿಯಂತೆ ನೀಳವಾಗಿತ್ತು. ಬೆಲೆ ಕೇಳಿ ಚಿಕ್ಕಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಹಾಸಿಗೆಯಿಂದ ಬಿದ್ರೆ?"

"ಈ ತುದಿ ಬಗ್ಗತ್ತೆ. ಬಗ್ಗಿದ್ರೆ ಮುಗೀತು ಅದರ ಕಥೆ. ಬೀಳೋದಾದ್ರೆ ಇದು ಬೇಡ." ಅವನು ಕಪಾಟಿನ ಕೆಳಗೆ ಕೈಯಾಡಿಸಿ ಬೂದು ಬಣ್ಣದ ಇನ್ನೊಂದನ್ನು ತೆಗೆದ. "ಇದು ನೋಡಿ. ನೋಡೋಕೆ ಲಕ್ಷಣ ಇಲ್ಲ, ಅದಕ್ಕೇ ಯಾರೂ ಒಯ್ಯಲ್ಲ. ಲೋಹದ ಮೈ. ತುದಿ ಒತ್ತಿದ್ರೆ ಆಮೆ ತಲೆ ಹಾಗೆ ಒಳಗೆ ಹೋಗತ್ತೆ. ಕಡ್ಡಿ ದಪ್ಪ."

ಚಿಕ್ಕಿ ಅದನ್ನು ಕೈಯಲ್ಲಿ ತೂಗಿದಳು. ಹಿಡಿಯುವ ಕಡೆ ಅರದಂತೆ ತರಿತರಿಯಾಗಿತ್ತು, ಬೆವರಿದ ಬೆರಳೂ ಜಾರುವಂತಿರಲಿಲ್ಲ. ಕಾಗದದ ಮೇಲೆ ಬಲವಾಗಿ ಒತ್ತಿದಳು, ಕಡ್ಡಿ ಮುರಿಯಲಿಲ್ಲ.

"ಬೀಳಿಸಿ ನೋಡಲಾ?"

"ಇದೇನಮ್ಮ, ಪೆನ್ಸಿಲ್ಲೋ ತೆಂಗಿನಕಾಯೋ? ಬೀಳಿಸಿ, ಬೀಳಿಸಿ."

ಅವಳು ಎದೆಯೆತ್ತರದಿಂದ ಬಿಟ್ಟಳು. ಸಿಮೆಂಟು ನೆಲಕ್ಕೆ ಠಣ್ಣೆಂದು ಬಿದ್ದು ಉರುಳಿತು. ಎತ್ತಿ ಒತ್ತಿದಳು. ಟಿಕ್. ಬರೆಯಿತು. ಬೆಲೆ ಪ್ಲಾಸ್ಟಿಕ್ಕಿನ ನಾಲ್ಕರಷ್ಟು, ಗಾಜಿನ ಕಪಾಟಿನದರ ಕಾಲು ಭಾಗ. ಅವಳು ಚೌಕಾಸಿ ಮಾಡಲಿಲ್ಲ. ಮೇಲೊಂದು ಡಬ್ಬಿ ಕಡ್ಡಿಯನ್ನೂ ತೆಗೆದುಕೊಂಡಳು.

ಮನೆಯಲ್ಲಿ ಅದನ್ನು ಬಚ್ಚಿಡದೆ ಊಟದ ಮೇಜಿನ ಮೇಲೆ ಗಂಡನ ತಟ್ಟೆಯ ಪಕ್ಕ ಇಟ್ಟಳು. ಅವನು ನೋಡಿದ. ಬೈಯುತ್ತಾನೆಂದುಕೊಂಡಳು. ಅವನು ಕೈ ತೊಳೆದು ಬಂದು, ಬೀಗ ಬಿಚ್ಚುವ ಹಾಗೆ ಅದರ ತುದಿ ತಿರುಗಿಸಿ ಬಿಚ್ಚಿ ಒಳಗೆ ನೋಡಿದ.

"ಹಿತ್ತಾಳೆ," ಎಂದ. "ಕಡ್ಡಿ ಹಿಡಿಯೋ ದವಡೆ ಹಿತ್ತಾಳೆದು. ಇದು ನನ್ನ ಕೈಲೂ ಮುರಿಯಲ್ಲ."

"ಅದಕ್ಕೇ ತಂದೆ."

"ನಿನಗೆ ಹೆದರಿಕೆ ಆಗಲ್ವಾ ಚಿಕ್ಕಿ?"

"ಆಗತ್ತೆ. ಅವತ್ತಿನಿಂದ ಡಬ್ಬಿ ಮುಟ್ಟೋಕೂ ಆಗ್ತಿಲ್ಲ. ಹಾಗಂತ ಬಾಯಿ ಇಲ್ಲದವರ ಕೈಯನ್ನೂ ಕಟ್ಟಿಹಾಕೋದಾ? ಬರೆಯೋದು ಯಾರಾದ್ರೂ ಬರೀಲಿ. ನೀರು ಕೇಳೋರು ಅತ್ತೆ ತಾನೇ?"

ಅವನು ಬಿಡಿಭಾಗ ಜೋಡಿಸಿ ತಿರುಗಿಸಿ ಬಿಗಿ ಮಾಡಿದ. "ನೀನೇ ಕೊಡು," ಎಂದ. "ನನ್ನ ಕೈಯಿಂದ ಬೇಡ."

ಎಡಗೈ ಅದನ್ನು ತೆಗೆದುಕೊಂಡದ್ದು ಹಸಿದ ಮಗು ರೊಟ್ಟಿ ತೆಗೆದುಕೊಂಡ ಹಾಗೆ. ಆದರೆ ಮತ್ತೆ ನೀರು, ಕಿಟಕಿ, ದಿಂಬು ಎಂದಷ್ಟೇ ಬರೆಯಿತು. ಅಕ್ಷರ ವಾಲುತ್ತಲೇ ಇತ್ತು. ಗುಬ್ಬಿ ಎಷ್ಟು ಪಿಸುಗುಟ್ಟಿದರೂ ಬೇರೆ ಉತ್ತರ ಬರಲಿಲ್ಲ. ಕೈ ಯಾರಿಗೋ ಕಾಯುತ್ತಿರುವಂತಿತ್ತು.

ಫಿಸಿಯೋ ಹುಡುಗಿ ಆ ಪೆನ್ಸಿಲ್ ನೋಡಿ ಖುಷಿಪಟ್ಟಳು. "ತೂಕ ಇದೆ, ತರಿ ಇದೆ. ಬಲಗೈಗೂ ಕೊಟ್ಟು ನೋಡೋಣ ಅಕ್ಕ." ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅದರ ಸುತ್ತ ಕೂರಿಸಿದಳು. ಮೊದಲ ವಾರ ಕೈ ಅದನ್ನು ಬರೀ ಹಿಡಿದುಕೊಂಡಿತ್ತು. ಆಮೇಲೆ ಗೆರೆ ಎಳೆಯಿತು. ಆಮೇಲೆ ಸೊನ್ನೆ, ದೊಡ್ಡ ನಡುಗುವ ಸೊನ್ನೆಗಳು, ಹಾಳೆಯ ತುಂಬ.

ಕಾರ್ಖಾನೆಗೆ ರಜೆಯಿದ್ದ ಒಂದು ದಿನ. ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಚಿಕ್ಕಿ ಬೇಯಿಸಿದ ಮೊಟ್ಟೆ, ಬ್ರೆಡ್ಡು ತಂದಿಟ್ಟಳು. ಗುಬ್ಬಿ ಮಂಚದ ಆ ಬದಿಯಲ್ಲಿ, ಚಿಕ್ಕಿ ಈ ಬದಿಯಲ್ಲಿ ಕೂತಿದ್ದರು. ಅತ್ತೆ ದಿಂಬಿಗೊರಗಿ ಅರೆಗಣ್ಣಲ್ಲಿದ್ದರು.

ಟಿಕ್.

ಎಡಗೈ ಬರೆಯಿತು, ಸರಸರನೆ: ಈಕೆ ಯಾರು?

ಗುಬ್ಬಿ ಬೆಚ್ಚಿ ಚಿಕ್ಕಿಯ ಮುಖ ನೋಡಿದಳು. ಈ ಪ್ರಶ್ನೆಯನ್ನು ಅವಳು ಹಿಂದೆ ಕಂಡಿರಲಿಲ್ಲ. ಚಿಕ್ಕಿ ಏಳಲು ಹೋದಳು. ಅಷ್ಟರಲ್ಲಿ ಬಲಗೈ ನಿಧಾನವಾಗಿ ಮಡಿಲ ಮೇಲೆ ತೆವಳಿ ಬಂದು ಪೆನ್ಸಿಲ್ ತೆಗೆದುಕೊಂಡಿತು. ಎಡಗೈ ಬಿಟ್ಟುಕೊಟ್ಟಿತು. ಬಲಗೈ ನಡುಗುತ್ತ, ಒಂದು ಅಕ್ಷರಕ್ಕೆ ಒಂದು ಉಸಿರಿನಂತೆ, ಕೆಳಗೆ ಬರೆಯಿತು. ಗುಂಡುಗುಂಡು ಅಕ್ಷರ.

ನನ್ನ ಸೊಸೆ.

ಪೆನ್ಸಿಲ್ ಮತ್ತೆ ಎಡಗೈಗೆ ಹೋಯಿತು. ನಾನು?

ಬಲಗೈ ಬಹಳ ಹೊತ್ತು ತೆಗೆದುಕೊಂಡಿತು. ನೀನೂ.

ಗುಬ್ಬಿಯ ಕೈಯಲ್ಲಿ ಅರ್ಧ ಕಚ್ಚಿದ ಮೊಟ್ಟೆ ಹಾಗೇ ಇತ್ತು. ಎಡಗೈ ಹಾಳೆಯ ಮೇಲೆ ಸುಮ್ಮನೆ ಕೂತು, ಆಮೇಲೆ ಚಿಕ್ಕಿಯ ಕಡೆಗಿನ ಅಂಚಿಗೆ ಸರಿದು ಬರೆಯಿತು.

ಅವಳಿಗೆ ಮೊಟ್ಟೆಯ ಹಳದಿ ಸೇರುವುದಿಲ್ಲ. ಬಲವಂತ ಮಾಡಬೇಡ.

ಗುಬ್ಬಿ ಓದಿದಳು. ತನ್ನ ಕೈಯಲ್ಲಿದ್ದ ಹಳದಿಯನ್ನು ನೋಡಿದಳು. ಪೆನ್ಸಿಲ್ಲಿಗೆ ಕೈ ಚಾಚಿದಳು, ಎಡಗೈ ಕೊಟ್ಟಿತು. ಅವಳು ಬರೆದಳು: ಈಗ ತಿನ್ನುತ್ತೇನೆ ಅಮ್ಮ.

ಎಡಗೈ ಪೆನ್ಸಿಲ್ ತೆಗೆದುಕೊಂಡಿತು: ಯಾವಾಗಿನಿಂದ?

ಗುಬ್ಬಿ ಯೋಚಿಸಿದಳು. ತಲೆಯೆತ್ತಿದಳು. "ಯಾವಾಗಿಂದ ಚಿಕ್ಕಿ? ನಿನಗೆ ನೆನಪಿದೆಯಾ?"

"ಏಳನೇ ಕ್ಲಾಸಲ್ಲಿ," ಎಂದಳು ಚಿಕ್ಕಿ. "ಜ್ವರ ಬಿಟ್ಟ ಮೇಲೆ ಬಾಯಿಗೆ ಏನೂ ರುಚಿ ಇರಲಿಲ್ಲ ನಿನಗೆ. ಹಳದೀಗೆ ಮೆಣಸಿನಪುಡಿ ಉದುರಿಸಿ ಕೊಟ್ಟೆ. ಅವತ್ತಿಂದ ನನ್ನ ತಟ್ಟೆದನ್ನೂ ಕದೀತಿದ್ದೀಯ."

ಗುಬ್ಬಿ ಅಷ್ಟನ್ನೂ ಬರೆದಳು, ಕದಿಯುವುದನ್ನೂ ಸೇರಿಸಿ. ಎಡಗೈ ಪೆನ್ಸಿಲ್ ಹಿಡಿದು ನಿಂತಿತು. ಬೆರಳುಗಳು ಒಮ್ಮೆ ಸಡಿಲವಾಗಿ ಮತ್ತೆ ಬಿಗಿಯಾದವು. ಆಮೇಲೆ ಒಂದೇ ಶಬ್ದ ಬಂತು, ಎಡಕ್ಕೆ ವಾಲಿಕೊಂಡು, ತಲೆಕಟ್ಟು ಬಿಡಿಬಿಡಿಯಾಗಿ.

ಬೆಳೆದುಬಿಟ್ಟಳು.

ದಿನವೂ ಮೊಮ್ಮಗಳನ್ನು ಕಣ್ಣೆದುರು ಕಾಣುವ ಅಜ್ಜಿ ಬರೆಯುವ ಮಾತಲ್ಲ ಅದು. ಗುಬ್ಬಿ ಎದ್ದು ಮಂಚ ಸುತ್ತಿಬಂದು, ಚಿಕ್ಕಿಯ ಭುಜಕ್ಕೆ ಮುಖ ಒತ್ತಿ ದೊಡ್ಡದಾಗಿ ಅತ್ತಳು. ಚಿಕ್ಕಿ ಅವಳ ಬೆನ್ನು ಸವರುತ್ತಿದ್ದಂತೆ ಅತ್ತೆ ಕಣ್ಣು ಪೂರ್ತಿ ತೆರೆದು, ನಿದ್ದೆಯಿಂದ ಎದ್ದವರ ಹಾಗೆ ಇಬ್ಬರನ್ನೂ ನೋಡಿದರು. ಎಡಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು, ಬೆರಳು ಅಲುಗಲಿಲ್ಲ. ಬಲಗೈ ಪೆನ್ಸಿಲ್ ತಡಕಾಡಿ ಎತ್ತಿಕೊಂಡು, ತನ್ನ ಗುಂಡು ಅಕ್ಷರದಲ್ಲಿ ಬರೆಯಿತು: ಬಾಗಿಲು ಹಾಕು, ತಣ್ಣನೆಯ ಗಾಳಿ ಬರುತ್ತಿದೆ.

ಚಿಕ್ಕಿ ತಿರುಗಿ ನೋಡಿದಳು. ಬೀದಿಯ ಬಾಗಿಲು ಹಾಕಿಯೇ ಇತ್ತು, ಚಿಲಕವೂ ಬಿದ್ದಿತ್ತು.

ಅವಳು ಎದ್ದು ಹೋಗಿ ಚಿಲಕ ತೆಗೆದು ಬಾಗಿಲನ್ನು ಅಗಲವಾಗಿ ತೆರೆದಳು. ಹೊರಗೆ ಬಿಸಿಲು, ಗೋಡೆಗೊರಗಿಸಿದ ಯಾರದೋ ಸೈಕಲ್ಲು. ಒಂದು ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಒಬ್ಬರು ಹಾದುಹೋಗುವಷ್ಟು ಹೊತ್ತು ನಿಂತಳು. ಆಮೇಲೆ ಬಾಗಿಲು ಹಾಕಿದಳು.